ಸಂಬಳ ಕೊಡದ ಕ್ಲಬ್ಬಿನಲ್ಲಿ ಆಡಿದವರು ಹೊಟ್ಟೆಪಾಡಿಗೆ ಏನು ಮಾಡಿದರು?

ಪ್ರಶ್ನೆ: ದೈಹಿಕ ಶಿಕ್ಷಣ ಶಿಕ್ಷಕ, ಸಂಡೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸಂಡೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ನಮ್ಮ ಮೈದಾನಕ್ಕೆ ಅದಿರಿನ ದೂಳು ಕೂರುತ್ತದೆ. ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ಸಂಜೆಯ ಹೊತ್ತಿಗೆ ಕೆಂಪಾಗಿ ನೆಲದಲ್ಲಿ ಕಲೆತುಹೋಗಿರುತ್ತದೆ, ಮಕ್ಕಳ ಬಿಳಿ ಕ್ಯಾನ್ವಾಸ್ ಬೂಟು ಒಂದೇ ವಾರಕ್ಕೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಫುಟ್‌ಬಾಲಿನಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣಾ ಆಟಗಾರನಾಗಿ, ಆಡುವ ಹತ್ತನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ಹದಿನೈದು ವರ್ಷ ಆಟ ಕಲಿಸಿದ ನನಗೆ ಇಂಥ ಎಡಗಾಲು ಕಂಡದ್ದು ಇದೇ ಮೊದಲು.

ಅವನ ತಂದೆ ಅದಿರಿನ ಲಾರಿ ಓಡಿಸುತ್ತಾರೆ. ಕಳೆದ ವಾರ ಶಾಲೆಗೆ ಬಂದು, ಬಾಗಿಲಲ್ಲೇ ನಿಂತು, "ಚೆಂಡು ಒದ್ರೆ ಹೊಟ್ಟಿ ತುಂಬತೈತೇನ್ರಿ ಸಾರ್?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ಉತ್ತರ ಬೇಕಾಗಿಯೇ ಕೇಳಿದ್ದು. ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್ ಎಂಬ ಫುಟ್‌ಬಾಲ್ ಕ್ಲಬ್ಬು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ತನ್ನ ಆಟಗಾರರಿಗೆ ಸಂಬಳವನ್ನೇ ಕೊಡಲಿಲ್ಲವೆಂದು ಹಿಂದೊಮ್ಮೆ ಓದಿದ್ದೆ. ಹಾಗಾದರೆ ಅಲ್ಲಿ ಆಡಿದವರು ಬದುಕಿಗೆ ಏನು ದಾರಿ ಮಾಡಿಕೊಂಡರು, ಅಲ್ಲಿಂದ ಮುಂದೆ ಎಲ್ಲಿಗೆ ಹೋದರು? ಶಾಲೆಯ ಗೋಡೆಗೆ ಒಂದು ಫಲಕ ಮಾಡಿಸಬೇಕೆಂದಿದ್ದೇನೆ, ಮೊದಲು ಆ ತಂದೆಗೇ ತೋರಿಸಬೇಕೆಂದಿದ್ದೇನೆ. ಕಪ್ ಗೆದ್ದವರ ಪಟ್ಟಿ ನನಗೆ ಬೇಡ. ಆಟದ ಜೊತೆಗೆ ಕೆಲಸವನ್ನೂ ಮಾಡಿದವರ ವಿವರ ಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ನಿವೃತ್ತ ಬ್ಯಾಂಕ್ ನೌಕರ, ಬಳ್ಳಾರಿ

ಮೇಷ್ಟ್ರೇ, ನೀವು ಓದಿದ್ದು ಸರಿಯಾಗಿದೆ. ಕ್ವೀನ್ಸ್ ಪಾರ್ಕ್ ಹುಟ್ಟಿದ್ದು 1867ರ ಜುಲೈ 9ರಂದು. ಆಟಕ್ಕಾಗಿಯೇ ಆಟ ಎಂಬ ಅರ್ಥದ ಲ್ಯಾಟಿನ್ ಮಾತು ಅದರ ಧ್ಯೇಯವಾಕ್ಯ. 1872ರ ನವೆಂಬರ್ 30ರಂದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ನಡೆದ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಹನ್ನೊಂದು ಮಂದಿಯೂ ಈ ಒಂದೇ ಕ್ಲಬ್ಬಿನವರು. ಆ ಪಂದ್ಯ ಗೋಲಿಲ್ಲದೆ ಮುಗಿಯಿತು. ಹತ್ತು ಸಲ ಸ್ಕಾಟಿಷ್ ಕಪ್ ಗೆದ್ದ ತಂಡವಿದು. ಆದರೆ ಹತ್ತನೆಯ ಗೆಲುವು ಬಂದದ್ದು 1893ರಲ್ಲಿ, ಸ್ಕಾಟ್ಲೆಂಡಿನಲ್ಲಿ ಆಟಗಾರರಿಗೆ ಹಣ ಕೊಡುವುದು ಅಧಿಕೃತವಾದದ್ದೂ ಅದೇ ವರ್ಷ. ಉಳಿದ ಕ್ಲಬ್ಬುಗಳು ಕೂಲಿ ಕೊಡತೊಡಗಿದವು, ಇವರು ಕೊಡಲಿಲ್ಲ, ಕಪ್ ಮತ್ತೆ ಇವರ ಮನೆಗೆ ಬರಲಿಲ್ಲ.

ನೀವು ಕೇಳಿದ ವಿಷಯಕ್ಕೆ ಮೊದಲು ಹೇಳಬೇಕಾದ ಹೆಸರು ಆಂಡ್ರ್ಯೂ ವಾಟ್ಸನ್. 1856ರಲ್ಲಿ ದಕ್ಷಿಣ ಅಮೆರಿಕದ ಡೆಮೆರಾರಾದಲ್ಲಿ ಹುಟ್ಟಿದವರು. ತಂದೆ ಸ್ಕಾಟ್ಲೆಂಡ್ ಮೂಲದ ಬಿಳಿಯ, ತಾಯಿ ಅಲ್ಲಿಯ ಕಪ್ಪು ಮಹಿಳೆ. ಚಿಕ್ಕಂದಿನಲ್ಲೇ ಬ್ರಿಟನ್ನಿಗೆ ಬಂದು, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿ, ವ್ಯಾಪಾರಕ್ಕಿಳಿದು, 1880ರಲ್ಲಿ ಕ್ವೀನ್ಸ್ ಪಾರ್ಕ್ ಸೇರಿದರು. 1881ರ ಮಾರ್ಚ್ 12ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಅವರ ನಾಯಕತ್ವದ ಸ್ಕಾಟ್ಲೆಂಡ್ ಇಂಗ್ಲೆಂಡನ್ನು 6-1ರಿಂದ ಸೋಲಿಸಿತು. ದೇಶಕ್ಕಾಗಿ ಆಡಿದ್ದು ಮೂರೇ ಪಂದ್ಯ, ಮೂರನ್ನೂ ಗೆದ್ದರು. ಆಮೇಲೆ ಪರೀಕ್ಷೆ ಪಾಸು ಮಾಡಿ ಹಡಗಿನ ಎಂಜಿನಿಯರ್ ಆಗಿ ದುಡಿದರು, 1921ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಜಗತ್ತಿನ ಮೊದಲ ಕಪ್ಪುವರ್ಣೀಯ ಅಂತರರಾಷ್ಟ್ರೀಯ ಫುಟ್‌ಬಾಲ್ ಆಟಗಾರನ ಹೆಸರು ಬಹುಕಾಲ ಯಾರಿಗೂ ನೆನಪಿರಲಿಲ್ಲ ಎಂಬುದು ನನಗೆ ಇಂದಿಗೂ ನೋವು ತರುವ ಸಂಗತಿ.

ಆದರೆ ಒಂದು ಮಾತನ್ನು ಆ ತಂದೆಯಿಂದ ಮುಚ್ಚಿಡಬೇಡಿ. ವಾಟ್ಸನ್ ಅವರಿಗೆ ತಂದೆಯ ಆಸ್ತಿ ಬಂದಿತ್ತು. ಕಾಸಿಲ್ಲದೆ ಆಡುವ ಧೈರ್ಯ ಆ ಕಾಲದಲ್ಲಿ ಮನೆಯಲ್ಲಿ ಕಾಸಿದ್ದವರಿಗೇ ಸುಲಭವಾಗಿ ಬರುತ್ತಿತ್ತು.

ಎರಡನೆಯವರು ಆರ್. ಎಸ್. ಮೆಕಾಲ್. ಸ್ಕಾಟ್ಲೆಂಡ್ ಪರ 13 ಪಂದ್ಯಗಳಲ್ಲಿ 13 ಗೋಲು ಹೊಡೆದವರು. ಅದರಲ್ಲಿ ಮೂರು ಸಲ ಹ್ಯಾಟ್ರಿಕ್, ಅಂದರೆ ಒಂದೇ ಪಂದ್ಯದಲ್ಲಿ ಮೂರು ಗೋಲು. 1901ರಲ್ಲಿ ಕ್ವೀನ್ಸ್ ಪಾರ್ಕ್ ಬಿಟ್ಟು ಸಂಬಳಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಕ್ಲಬ್ ಸೇರಿದರು. ಅದೇ ವರ್ಷ ತಮ್ಮ ಸಹೋದರನ ಜೊತೆಗೂಡಿ ಗ್ಲಾಸ್ಗೋದಲ್ಲಿ ಮಿಠಾಯಿ ಅಂಗಡಿ ತೆರೆದರು, ಜನ ಅವರನ್ನು ಟಾಫಿ ಬಾಬ್ ಎಂದೇ ಕರೆದರು. ಒಂದು ಅಂಗಡಿ ಹತ್ತಾಯಿತು, ಹತ್ತು ನೂರನ್ನು ದಾಟಿತು. 1933ರಲ್ಲಿ ಕ್ಯಾಡ್‌ಬರಿಯವರು ಅದನ್ನು ಕೊಂಡರು. ಗ್ಲಾಸ್ಗೋದ ರೇಂಜರ್ಸ್ ಕ್ಲಬ್ಬಿನಲ್ಲೂ ಆಡಿ ಮುಗಿಸಿದ ಮೆಕಾಲ್, ಅಂಗಡಿ ನಿಂತುಕೊಂಡ ಮೇಲೆ, 1907ರಲ್ಲಿ ಮರಳಿ ಕ್ವೀನ್ಸ್ ಪಾರ್ಕಿಗೆ ಬಂದು ಸಂಬಳವಿಲ್ಲದೆ ಆಡಿದರು.

ಉತ್ತರ 2: ಫಿಟ್ಟರ್, ತೋರಣಗಲ್ಲು

ಸರ್, ನಾನು ಇತಿಹಾಸ ಓದಿದವನಲ್ಲ. ಐಟಿಐ ಮುಗಿಸಿ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವನು. ಅಲೆಕ್ಸ್ ಫರ್ಗುಸನ್ ಅವರ ವಿಷಯ ಬರೆಯಲೇಬೇಕೆನಿಸಿತು, ಏಕೆಂದರೆ ಮ್ಯಾಂಚೆಸ್ಟರ್ ಯುನೈಟೆಡ್ ತರಬೇತುದಾರರೆಂದು ಎಲ್ಲರಿಗೂ ಗೊತ್ತಿರುವ ಅವರು ಆಟ ಶುರು ಮಾಡಿದ್ದು ಇದೇ ಕ್ವೀನ್ಸ್ ಪಾರ್ಕಿನಲ್ಲಿ, ಹದಿನಾರನೆಯ ವಯಸ್ಸಿನಲ್ಲಿ. ಅವರ ಮನೆಯಿದ್ದದ್ದು ಹಡಗು ಕಟ್ಟುವ ಗೋವನ್ ಬಡಾವಣೆಯಲ್ಲಿ, ತಂದೆಯದೂ ಹಡಗುಕಟ್ಟೆಯಲ್ಲೇ ಕೆಲಸ. ಕ್ಲಬ್ಬು ಸಂಬಳ ಕೊಡದ ಕಾರಣ ಹುಡುಗ ಹಿಲ್ಲಿಂಗ್ಟನ್ನಿನ ರೆಮಿಂಗ್ಟನ್ ರ‍್ಯಾಂಡ್ ಕಾರ್ಖಾನೆಯಲ್ಲಿ ಟೂಲ್ ಮೇಕರ್ ಅಪ್ರೆಂಟಿಸ್ ಆಗಿ ದುಡಿಯುತ್ತ ಆಡಿದರು.

ಟೂಲ್ ಮೇಕರ್ ಎಂದರೆ ಏನೆಂದು ಹೊರಗಿನವರಿಗೆ ಹೊಳೆಯುವುದಿಲ್ಲ. ಯಂತ್ರ ತಯಾರಿಸುವ ಭಾಗಗಳಿಗೆ ಬೇಕಾದ ಡೈ (ಅಚ್ಚು), ಜಿಗ್ (ಭಾಗವನ್ನು ಹಿಡಿದಿಡುವ ಸಾಧನ), ಅಳತೆಗಟ್ಟು ಮಾಡುವವನು ಅವನು. ಅವನ ಕೈ ಕೂದಲೆಳೆಯಷ್ಟು ತಪ್ಪಿದರೆ ಮುಂದೆ ಬರುವ ಸಾವಿರ ಭಾಗಗಳೂ ತಪ್ಪುತ್ತವೆ. ಐಟಿಐನಲ್ಲಿ ನಮಗೆ ಮೊದಲ ತಿಂಗಳುಗಟ್ಟಲೆ ಕೊಟ್ಟ ಕೆಲಸ ಒಂದೇ. ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ ಫೈಲ್‌ನಿಂದ ಉಜ್ಜಿ ನಾಲ್ಕು ಮೂಲೆ ಸರಿಮಾಡುವುದು. ಮೂಲೆ ನೇರವಿದೆಯೇ ಎಂದು ನೋಡುವ ಟ್ರೈ ಸ್ಕ್ವೇರ್ ಒತ್ತಿ ಹಿಡಿದು ಕಿಟಕಿಯ ಕಡೆಗೆ ಎತ್ತಿದಾಗ ನಡುವೆ ಬೆಳಕಿನ ಎಳೆ ಕಂಡರೆ ಮೇಷ್ಟ್ರು ಮಾತಾಡದೆ ತುಂಡನ್ನು ಮತ್ತೆ ವೈಸಿನ ಮೇಲೆ ಇಡುತ್ತಿದ್ದರು. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಗಟ್ಟಿಯಾದ ಮೇಲೆ ಒಂದು ದಿನ ಬೆಳಕು ನಿಂತಿತು. ಅಂಥ ಕೆಲಸವನ್ನು ಹಗಲೆಲ್ಲ ಮಾಡಿ ಸಂಜೆ ಅಭ್ಯಾಸಕ್ಕೆ ಓಡಿದ ಹುಡುಗ ಅವರೆಂದು ತಿಳಿದಾಗ ನನಗೆ ಆ ಹೆಸರು ಹತ್ತಿರವಾಯಿತು.

1960ರಲ್ಲಿ ಸೇಂಟ್ ಜಾನ್‌ಸ್ಟನ್ ಎಂಬ ಕ್ಲಬ್ ಸೇರಿದ ಮೇಲೂ ಅವರು ಕಾರ್ಖಾನೆ ಬಿಡಲಿಲ್ಲ, ಅಲ್ಲಿ ಕಾರ್ಮಿಕ ಸಂಘದ ಪ್ರತಿನಿಧಿಯೂ ಆಗಿದ್ದರು. ತಂಡದಲ್ಲಿ ಸ್ಥಾನ ಸರಿಯಾಗಿ ಸಿಗದೆ ಕೆನಡಾಕ್ಕೆ ಹೋಗಿಬಿಡುವ ಯೋಚನೆಯೂ ಬಂದಿತ್ತು. ಅಷ್ಟರಲ್ಲಿ 1963ರ ಡಿಸೆಂಬರಿನಲ್ಲಿ ರೇಂಜರ್ಸ್ ಎದುರು, ಅವರದೇ ಐಬ್ರಾಕ್ಸ್ ಮೈದಾನದಲ್ಲಿ, ಮೂರು ಗೋಲು ಹೊಡೆದರು. ಮರುವರ್ಷ ಡನ್‌ಫರ್ಮ್‌ಲಿನ್ ಕ್ಲಬ್ಬು ಅವರನ್ನು ಪೂರ್ಣಾವಧಿಗೆ ತೆಗೆದುಕೊಂಡಾಗ ಮಾತ್ರ ಟೂಲ್ ರೂಮಿನಿಂದ ಹೊರಬಂದರು. 1967ರಲ್ಲಿ ರೇಂಜರ್ಸ್ 65,000 ಪೌಂಡ್ ಕೊಟ್ಟು ಕೊಂಡಿತು. ಆದರೆ 1969ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ಎದುರು 4-0ಯಿಂದ ಸೋತಾಗ, ಮೊದಲ ಗೋಲು ಹೊಡೆದ ಬಿಲ್ಲಿ ಮೆಕ್‌ನೀಲ್ ಅವರನ್ನು ಕಾಯುವ ಹೊಣೆ ಇವರದಾಗಿತ್ತೆಂದು ತಪ್ಪು ಇವರ ತಲೆಗೆ ಬಂತು. ಅದೇ ವರ್ಷ ಆ ಕ್ಲಬ್ಬನ್ನೇ ಬಿಟ್ಟರು. ಫಾಲ್ಕರ್ಕ್, ಏರ್ ತಂಡಗಳಲ್ಲಿ ಆಡಿ 1974ರಲ್ಲಿ ಆಟ ನಿಲ್ಲಿಸಿದರು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಹುಡುಗನಿಗೆ ಐಟಿಐ ಅರ್ಜಿ ಹಾಕಿಸಿ ಸರ್. ಆಟ ಬಿಡಿಸಿ ಅಲ್ಲ, ಆಟದ ಜೊತೆಗೆ.

ಉತ್ತರ 3: ಉಪನ್ಯಾಸಕಿ, ರಾಯಚೂರು

ಗುರುಗಳೇ, ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆದರೂ ಗೆದ್ದವರನ್ನಷ್ಟೇ ಗೋಡೆಗೆ ಏರಿಸಿದರೆ ಆ ತಂದೆ ಕೇಳಿದ ಪ್ರಶ್ನೆಗೆ ಅನ್ಯಾಯವಾಗುತ್ತದೆ ಎಂದು ನನಗೆ ಅನಿಸುತ್ತದೆ.

ನಿಮ್ಮ ಹುಡುಗ ಲೆಫ್ಟ್ ಬ್ಯಾಕ್ ಎಂದಿರಿ. ಅದೇ ಜಾಗದಲ್ಲಿ ಆಡುವ ಆಂಡಿ ರಾಬರ್ಟ್‌ಸನ್ ಹೆಸರು ಅವನಿಗೆ ಈಗಾಗಲೇ ಗೊತ್ತಿರುತ್ತದೆ. ಅವರನ್ನು ಹದಿಹರೆಯದಲ್ಲಿ ಸೆಲ್ಟಿಕ್ ಕ್ಲಬ್ಬು ಮೈಕಟ್ಟು ಚಿಕ್ಕದೆಂದು ಕೈಬಿಟ್ಟಿತ್ತು. 2012ರಲ್ಲಿ ಹದಿನೆಂಟು ವರ್ಷದವರಾಗಿ, ಆಗ ಸ್ಕಾಟಿಷ್ ಲೀಗಿನ ನಾಲ್ಕನೆಯ ಹಂತದಲ್ಲಿದ್ದ ಕ್ವೀನ್ಸ್ ಪಾರ್ಕಿನಲ್ಲಿ ಸಂಬಳವಿಲ್ಲದೆ ಆಡುತ್ತ, ಹ್ಯಾಂಪ್ಡನ್ ಮೈದಾನದ ಕಚೇರಿಯಲ್ಲಿ ಟಿಕೆಟ್ ಕೇಳುವವರ ಫೋನಿಗೆ ಉತ್ತರಿಸುತ್ತಿದ್ದರು. ಕೈಯಲ್ಲಿ ದುಡ್ಡಿಲ್ಲ, ಕೆಲಸ ಬೇಕು ಎಂಬರ್ಥದಲ್ಲಿ ಆ ಆಗಸ್ಟಿನಲ್ಲಿ ಅವರು ಟ್ವಿಟರಿನಲ್ಲಿ ಬರೆದದ್ದು ಇಂದಿಗೂ ಜನರ ಬಾಯಲ್ಲಿದೆ. ಮರುವರ್ಷ ಡಂಡೀ ಯುನೈಟೆಡ್, 2014ರಲ್ಲಿ ಹಲ್ ಸಿಟಿ, 2017ರಲ್ಲಿ ಲಿವರ್‌ಪೂಲ್, 2018ರಲ್ಲಿ ಸ್ಕಾಟ್ಲೆಂಡಿನ ನಾಯಕತ್ವ, 2019ರಲ್ಲಿ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಗೆಲುವು.

ಇದೇ ಕಥೆಯ ಪಕ್ಕದಲ್ಲಿ ಲಾರೆನ್ಸ್ ಶ್ಯಾಂಕ್‌ಲ್ಯಾಂಡ್ ಅವರದನ್ನೂ ಇಡಿ. ಅದೇ ಕಾಲದಲ್ಲಿ ಅದೇ ತಂಡದಲ್ಲಿ ಗೋಲು ಹೊಡೆಯುತ್ತಿದ್ದವರು. ಅಬರ್ಡೀನ್ ಕ್ಲಬ್ಬು ಅವರನ್ನು ಸೇರಿಸಿಕೊಂಡಿತು, ಬೇರೆ ಬೇರೆ ಕ್ಲಬ್ಬುಗಳಿಗೆ ಎರವಲು ಕಳಿಸಿತು, 2017ರಲ್ಲಿ ಬಿಟ್ಟುಬಿಟ್ಟಿತು. ಕೆಳಗಿನ ಹಂತದ ಏರ್ ಯುನೈಟೆಡ್‌ಗೆ ಹೋಗಿ ಅಲ್ಲಿ ಗೋಲಿನ ಮೇಲೆ ಗೋಲು ಹೊಡೆದು, 2019ರಲ್ಲಿ ಸ್ಕಾಟ್ಲೆಂಡ್ ತಂಡಕ್ಕೆ ಬಂದರು. ಮುಂದೆ ಹಾರ್ಟ್ಸ್ ತಂಡದ ನಾಯಕರಾದರು. ನಡುವಿನ ಆ ವರ್ಷಗಳನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ.

ಗ್ಲಾಸ್ಗೋದ ಇನ್ನೊಂದು ಕ್ಲಬ್ಬಿನ ಉದಾಹರಣೆಯನ್ನೂ ಕೊಡುತ್ತೇನೆ. 1967ರ ಮೇ 25ರಂದು ಲಿಸ್ಬನ್ನಿನಲ್ಲಿ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದ ಸೆಲ್ಟಿಕ್ ತಂಡದಲ್ಲಿ ಜಿಮ್ ಕ್ರೇಗ್ ಎಂಬ ರೈಟ್ ಬ್ಯಾಕ್ ಇದ್ದರು. ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯ ಓದಿದವರು; ಆಟ ಮುಗಿದ ಮೇಲೆ ದಂತವೈದ್ಯರಾಗಿ ಬದುಕಿದರು. ಅದೇ ತಂಡದ ಜಿಮ್ಮಿ ಜಾನ್‌ಸ್ಟನ್ ಅವರನ್ನು 2002ರಲ್ಲಿ ಅಭಿಮಾನಿಗಳು ಸೆಲ್ಟಿಕ್ ಇತಿಹಾಸದಲ್ಲೇ ಶ್ರೇಷ್ಠ ಆಟಗಾರನೆಂದು ಆರಿಸಿದರು. ಅಂಥವರು ಆಟ ನಿಂತ ಮೇಲೆ ಕಟ್ಟಡ ಕೆಲಸ ಮಾಡಿ, ಲಾರಿ ಓಡಿಸಿ ಜೀವನ ನಡೆಸುವ ಮಟ್ಟಕ್ಕೆ ಬಂದರು. 2001ರಲ್ಲಿ ನರಗಳು ಕ್ಷೀಣಿಸುವ ಕಾಯಿಲೆ ಪತ್ತೆಯಾಗಿ 2006ರ ಮಾರ್ಚಿನಲ್ಲಿ ತೀರಿಕೊಂಡರು. ಕೈಯಲ್ಲೊಂದು ಓದು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವೆಂದು ಈ ಇಬ್ಬರ ಹೆಸರು ಸಾಕು ಹೇಳಲು.

ಹೆಣ್ಣುಮಕ್ಕಳೂ ಆ ಫಲಕ ನೋಡುತ್ತಾರೆ ಎಂಬುದನ್ನು ಮರೆಯಬೇಡಿ. ಮಣಿಪುರದ ಬಾಲಾ ದೇವಿಯವರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಆಡಿ ಬೆಳೆದು, 2020ರ ಜನವರಿಯಲ್ಲಿ ಗ್ಲಾಸ್ಗೋದ ರೇಂಜರ್ಸ್ ಮಹಿಳಾ ತಂಡವನ್ನು ಸೇರಿದರು. ಅದೇ ಡಿಸೆಂಬರಿನಲ್ಲಿ ಮದರ್‌ವೆಲ್ ಎದುರು ಅಲ್ಲಿಯ ತಮ್ಮ ಮೊದಲ ಗೋಲು ಹೊಡೆದರು.

ಉತ್ತರ 4: ಗೋಲ್‌ಕೀಪರ್ ಆಗಿದ್ದವನು, ಗಂಗಾವತಿ

ರೋನಿ ಸಿಂಪ್ಸನ್ ಅವರನ್ನು ಸೇರಿಸಿ. 1945ರಲ್ಲಿ ಕ್ವೀನ್ಸ್ ಪಾರ್ಕ್ ಪರ ಮೊದಲ ಪಂದ್ಯ ಆಡಿದಾಗ ಅವರಿಗೆ ಹದಿನಾಲ್ಕೇ ವರ್ಷ. ಸ್ಕಾಟ್ಲೆಂಡಿಗೆ ಮೊದಲ ಬಾರಿ ಆಡಿದಾಗ ಮೂವತ್ತಾರು. ನಡುವೆ 1948ರ ಒಲಿಂಪಿಕ್ಸ್, ನ್ಯೂಕ್ಯಾಸಲ್ ಜೊತೆ ಎರಡು ಸಲ ಇಂಗ್ಲೆಂಡಿನ ಎಫ್‌ಎ ಕಪ್. ಮೇಡಂ ಬರೆದ ಲಿಸ್ಬನ್ ಪಂದ್ಯದಲ್ಲಿ ಗೋಲು ಕಾದವರೂ ಇವರೇ. ತಂಡದ ಕೆಲವರಿಗೆ ಕಟ್ಟಿಸಿದ ಹಲ್ಲು ಇತ್ತು; ಪಂದ್ಯ ಮುಗಿದೊಡನೆ ಫೋಟೊಗೆ ನಿಲ್ಲಬೇಕಲ್ಲ ಎಂದು ಆ ಹಲ್ಲುಗಳನ್ನೆಲ್ಲ ಸಿಂಪ್ಸನ್ ತಮ್ಮ ಟೋಪಿಯಲ್ಲಿ ಹಾಕಿ ಗೋಲಿನ ಬಲೆಯ ಹಿಂದೆ ಇಟ್ಟುಕೊಂಡಿದ್ದರು. ಮಕ್ಕಳಿಗೆ ಇದು ಖಂಡಿತ ನೆನಪಿರುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ

ನಾಲ್ವರಿಗೂ ಋಣಿ. ಕ್ವೀನ್ಸ್ ಪಾರ್ಕ್ 2019ರ ನವೆಂಬರಿನಲ್ಲಿ ಸದಸ್ಯರ ಮತದಿಂದ ಹಳೆಯ ನಿಯಮ ಬಿಟ್ಟು, ಆಟಗಾರರಿಗೆ ಸಂಬಳ ಕೊಡಲು ಒಪ್ಪಿತೆಂದು ನಾನೂ ಓದಿಕೊಂಡೆ. ಬಳ್ಳಾರಿಯ ಹಿರಿಯರು ವಾಟ್ಸನ್ ಅವರ ಆಸ್ತಿಯ ಬಗ್ಗೆ ಬರೆದದ್ದನ್ನು ಓದಿದ ಮೇಲೆ ಆ ತೀರ್ಮಾನ ನನಗೆ ಸರಿಯೆನಿಸಿತು.

ರಾಯಚೂರಿನ ಮೇಡಂ ಅವರಲ್ಲಿ ಒಂದು ವಿನಂತಿ. ಜಾನ್‌ಸ್ಟನ್ ಅವರು ಲಾರಿ ಓಡಿಸುವ ಮಟ್ಟಕ್ಕೆ ಬಂದರು ಎಂದು ತಾವು ಬರೆದಿದ್ದೀರಿ. ತಮ್ಮ ಕಾಳಜಿ ನನಗೆ ಅರ್ಥವಾಗಿದೆ. ಆದರೆ ನಾನು ಈ ಫಲಕ ತೋರಿಸಬೇಕಾದವರು ಇಪ್ಪತ್ತೆರಡು ವರ್ಷ ಲಾರಿ ಓಡಿಸಿ ಮೂರು ಮಕ್ಕಳನ್ನು ಓದಿಸುತ್ತಿರುವವರು. ಆ ಸಾಲನ್ನು ನಾನು ಹೀಗೆ ಬರೆಸುತ್ತೇನೆ: ಆಟ ಮುಗಿದ ಮೇಲೆ ಕಟ್ಟಡ ಕೆಲಸ ಮಾಡಿದರು, ಲಾರಿ ಓಡಿಸಿದರು.

ನಿನ್ನೆ ಸಂಜೆ ಮೈದಾನದ ಪಕ್ಕದಲ್ಲಿ ಲಾರಿ ನಿಲ್ಲಿಸಿ ಅವರು ಇಳಿದು ಬಂದಾಗ ಈ ಬರಹಗಳನ್ನು ಮೊಬೈಲಿನಲ್ಲಿ ಓದಿ ಹೇಳಿದೆ. ತೋರಣಗಲ್ಲಿನವರು ಬರೆದ ಫೈಲ್ ಕೆಲಸದ ಭಾಗ ಬಂದಾಗ ತಲೆಯಾಡಿಸಿದರು. ಐಟಿಐ ಅರ್ಜಿಗೆ ಒಪ್ಪಿದ್ದಾರೆ, ಸಂಜೆಯ ಅಭ್ಯಾಸಕ್ಕೂ ಒಪ್ಪಿದ್ದಾರೆ. ಜಾನ್‌ಸ್ಟನ್ ವಿಷಯ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಲಾರಿ ಹೊಡೆದೋರ ಫೋಟೊ ಐತೇನ್ರಿ ಸಾರ್?" ಎಂದರು. ದೊಡ್ಡದಾಗಿ ಮುದ್ರಿಸಲು ಬರುವಂಥ, ಜಾನ್‌ಸ್ಟನ್ ಅವರು ಚೆಂಡಿನೊಂದಿಗೆ ಓಡುತ್ತಿರುವ ಒಂದು ಸ್ಪಷ್ಟ ಚಿತ್ರ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ.