ಥಂಡಿಯಲ್ಲಿ 1600 ಮೀಟರ್: ಓಡೋಕೆ ಮುಂಚೆ ಎಷ್ಟು ಸ್ಟ್ರೆಚಿಂಗ್ ಮಾಡಬೇಕು?

ಬೀದರ್_1600
ಕಾನ್‌ಸ್ಟೇಬಲ್ ಫಿಸಿಕಲ್‌ಗೆ ತಯಾರಿ ನಡದದ. 1600 ಮೀಟರ್, 6 ನಿಮಿಷ 30 ಸೆಕೆಂಡ್. ನಸುಕಿನ 5.30ಕ್ಕ ಗ್ರೌಂಡಿಗೆ ಬಂದು 10 ನಿಮಿಷ ಬಗ್ಗಿ ಕಾಲು ಮುಟ್ಟೂದು, ಕುಂತು ತೊಡಿ ಎಳಿಯೂದು ಮಾಡಿ ಸೀದಾ ಓಡ್ತೀವಿ. ಮೊದಲನೇ ಸುತ್ತಿನಾಗೇ ಮೀನಖಂಡ ಬಿಗೀತದ, ಗಂಟಲು ಉರೀತದ. ಸ್ಟ್ರೆಚಿಂಗ್ ಇನ್ನೂ ಹೆಚ್ಚು ಮಾಡಬೇಕೇನ್ರಿ?

ಲೇನ್_ಒಂದು
ಹೆಚ್ಚು ಬೇಡ ತಮ್ಮಾ, ಅದನ್ನ ಓಟದ ಆಚೆಗೆ ಹಾಕು. ತಣ್ಣಗಿರೋ ಸ್ನಾಯು ನಿಧಾನಕ್ಕೆ ಸಂಕುಚಿಸುತ್ತೆ, ಹಿಗ್ಗೋದೂ ಕಷ್ಟ. ಅದನ್ನ ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಸ್ವಲ್ಪ ಹೊತ್ತು ಬಲವೂ ತಗ್ಗುತ್ತೆ. ಬಗ್ಗಿ ಜಗ್ಗಿ ಜಗ್ಗಿ ಕಾಲು ಮುಟ್ಟೋದು ಇನ್ನೂ ಕೆಟ್ಟದ್ದು: ಜಗ್ಗಿದಾಗೆಲ್ಲ ಸ್ನಾಯು ತನ್ನನ್ನ ಕಾಪಾಡಿಕೊಳ್ಳೋಕೆ ಬಿಗಿಯುತ್ತೆ.

ಮೊದಲು 3 ನಿಮಿಷ ಬಿರುಸು ನಡಿಗೆ, ಆಮೇಲೆ 8ರಿಂದ 10 ನಿಮಿಷ ಮಾತಾಡಿಕೊಂಡು ಓಡೋವಷ್ಟು ನಿಧಾನದ ಜಾಗಿಂಗ್. ಟ್ರ್ಯಾಕ್ ಪ್ಯಾಂಟ್, ಜರ್ಕಿನ್ ಮೈಮೇಲೇ ಇರಲಿ. ಬೆನ್ನಲ್ಲಿ ತೆಳುವಾಗಿ ಬೆವರು ಬಂದರೆ ಸಾಕು. ಬಳಿಕ ಕಂಬ ಹಿಡಿದು ಕಾಲನ್ನ ಹಿಂದೆ ಮುಂದೆ 12 ಸಲ, ಅಡ್ಡಕ್ಕೆ 12 ಸಲ ಬೀಸು. ನಡೆಯುತ್ತಾ ಲಂಜಸ್ (ಉದ್ದ ಹೆಜ್ಜೆ ಇಟ್ಟು ಮಂಡಿ ಮಡಚಿ ಕೆಳಗಿಳಿಯೋದು) ಕಾಲಿಗೆ 8. ತುದಿಗಾಲಲ್ಲಿ ಏರಿ ಇಳಿಯೋದು 15. ಹೈ ನೀ (ಮಂಡಿ ಸೊಂಟದವರೆಗೆ ಎತ್ತಿ ಓಡೋದು), ಬಟ್ ಕಿಕ್ (ಹಿಮ್ಮಡಿ ಕುಂಡಿಗೆ ತಾಗೋ ಹಾಗೆ ಓಡೋದು) ತಲಾ 20 ಮೀಟರ್, ಎರಡು ಸಲ. ಕೊನೆಗೆ 60 ಮೀಟರ್‌ನ 3 ಸ್ಟ್ರೈಡ್, ಅಂದರೆ ವೇಗ ಮೆಲ್ಲಗೆ ಏರಿಸುತ್ತಾ ಓಡೋದು. ಎಲ್ಲರೂ ಬಿಡೋದು ಇದನ್ನೇ. ಬಿಟ್ಟರೆ ಓಟದ ವೇಗ ಕಾಲಿಗೆ ಮೊದಲ ಸುತ್ತಿನಲ್ಲೇ ಹೊಸದಾಗಿ ಸಿಗುತ್ತೆ.

ಇನ್ನೊಂದು. ಮೀನಖಂಡ ಬಿಗಿಯೋಕೆ ಥಂಡಿಯೊಂದೇ ಕಾರಣ ಇರಲಿಕ್ಕಿಲ್ಲ. 400 ಮೀಟರ್‌ನ 4 ಸುತ್ತು ಅಂದರೆ ಸುತ್ತಿಗೆ 97 ಸೆಕೆಂಡ್ ಸಾಕು. ಗೆಳೆಯರ ಹಿಂದೆ ಬಿದ್ದು ಮೊದಲ ಸುತ್ತು 80ರಲ್ಲಿ ಹೊಡೀತಾ ಇದ್ದೀಯಾ ನೋಡು.

ಫಿಸಿಯೋ_ಹುಬ್ಬಳ್ಳಿ
ಗಂಟಲು ಉರಿಯೋದು ತಣ್ಣನೆಯ ಒಣ ಗಾಳಿ ಬಾಯಿಂದ ಒಳಗೆ ಹೋಗಿ ಶ್ವಾಸನಾಳದ ತೇವ ಹೀರೋದರಿಂದ. ಜಾಗಿಂಗ್ ಮಾಡುವಾಗ ತೆಳು ಕಾಟನ್ ಬಟ್ಟೆಯನ್ನು ಮೂಗು ಬಾಯಿಗೆ ಸಡಿಲವಾಗಿ ಕಟ್ಟಿ, ಮೂಗಿನಲ್ಲೇ ಉಸಿರಾಡಿ. ಆದರೆ ಓಟ ನಿಲ್ಲಿಸಿದ 5–10 ನಿಮಿಷಕ್ಕೆ ಕೆಮ್ಮು, ಎದೆ ಬಿಗಿತ, ಸುಯ್ ಅನ್ನುವ ಸದ್ದು ಬಂದರೆ ಅದು ವ್ಯಾಯಾಮದಿಂದ ಕೆರಳುವ ಅಸ್ತಮಾ ಇರಬಹುದು, ಡಾಕ್ಟರಿಗೆ ತೋರಿಸಿ. ಗೆಳೆಯರ ಇನ್‌ಹೇಲರ್ ಸೇದಬೇಡಿ.

ಕಾಲಿಗೆ ಬಾಮ್ ತಿಕ್ಕಿ ವಾರ್ಮ್-ಅಪ್ ಆಯಿತು ಅನ್ನುವವರು ಬಹಳ. ಬಾಮ್ ಚರ್ಮಕ್ಕೆ ಬಿಸಿ ಅನ್ನಿಸುತ್ತೆ ಅಷ್ಟೇ, ಒಳಗಿನ ಸ್ನಾಯು ತಣ್ಣಗೇ ಇರುತ್ತೆ. ಮೀನಖಂಡದಲ್ಲಿ ಥಟ್ಟನೆ ಚುಚ್ಚಿದಂತಾಗಿ, ಒಂದೇ ಜಾಗ ಒತ್ತಿದರೆ ನೋವಾದರೆ ಅದು ಬರೀ ಬಿಗಿತ ಅಲ್ಲ, ಸ್ನಾಯು ಹರಿದಿರಬಹುದು. ಅಲ್ಲಿಗೇ ನಿಲ್ಲಿಸಿ. ಎಳೆದು ಸರಿಮಾಡೋಕೆ ಹೋಗಲೇಬೇಡಿ.

ಬೀದರ್_1600
ಫಿಸಿಕಲ್ ದಿನ ಬ್ಯಾಚ್ ಕರಿಯೂತನ ಕೂಡಸ್ತಾರ್ರಿ. ಅವಾಗ?

ಲೇನ್_ಒಂದು
ವಾರ್ಮ್-ಅಪ್ ಬಿಸಿ ನಿಂತುಬಿಟ್ಟರೆ ಕಾಲು ಗಂಟೆಯಲ್ಲಿ ಇಳಿಯುತ್ತೆ. ಅದಕ್ಕೇ ಬೆಳಗ್ಗೆ ಬಂದ ತಕ್ಷಣ ಪೂರ್ತಿ ಮಾಡಿ ದಣಿಯಬೇಡ. ನಿನಗಿಂತ ಮುಂಚಿನ ಬ್ಯಾಚ್ ಓಡುವಾಗ ಶುರು ಮಾಡು. ಜಾಗ ಇಲ್ಲದಿದ್ದರೆ ನಿಂತಲ್ಲೇ 4 ನಿಮಿಷ ಜಾಗಿಂಗ್, ಕಾಲು ಬೀಸೋದು, ತುದಿಗಾಲು, ಕೊನೆಗೆ 10 ಸೆಕೆಂಡಿನ ಜೋರು ಹೈ ನೀ ಎರಡು ಸಲ. ಕೂಡಿಸಿದರೆ ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರು. ಜರ್ಕಿನ್ ತೆಗೆಯೋದು ಹೆಸರು ಕರೆದ ಮೇಲೆ.

ಓಟ ಮುಗಿದ ತಕ್ಷಣ ಕೂರಬೇಡ, 5 ನಿಮಿಷ ನಡಿ, ಒದ್ದೆ ಬನಿಯನ್ ಬದಲಿಸು. ಆಮೇಲೆ ಬೇಕಾದರೆ ನಿನ್ನ ಬಗ್ಗಿ ಕಾಲು ಮುಟ್ಟೋದು, ಜಗ್ಗದೆ, ಕಾಲಿಗೆ 30 ಸೆಕೆಂಡ್.