ಹಳೇ ಕಣಜಕ್ಕೆ ಉಕ್ಕಿನ ತಳ: ಮಾಡಿಸಿದವರು ಅನುಭವ ಹೇಳಿ

ಹಡಪ್ಸರ್ ಹೊಲದವ:
ನಮಸ್ಕಾರ ಎಲ್ಲರಿಗೂ. ಶಿರೂರು ಹತ್ತಿರ ಮಾವನವರ ಹೊಲದಲ್ಲಿ ಹಳೇ ತಗಡಿನ ಕಣಜ ಇದೆ. ದುಂಡಗಿನದು, 14 ಅಡಿ ಅಗಲ, 11 ಅಡಿ ಎತ್ತರ. ಗೋಡೆ ಇನ್ನೂ ಗಟ್ಟಿ ಇದೆ, ತಳ ಮಾತ್ರ ತುಕ್ಕು ಹಿಡಿದು ಹೋಗಿದೆ. ಗೋವಿನಜೋಳ, ಜೊತೆಗೆ ಒಂದಿಷ್ಟು ಸಜ್ಜೆ ತುಂಬುತ್ತೇವೆ. ಗಟ್ಟಿ ಪ್ಲೇಟ್ ಹಾಕಿಸಲಾ, ತೂತಿನ ಶೀಟ್ ಹಾಕಿಸಿ ಕೆಳಗಿಂದ ಗಾಳಿ ಬಿಡಲಾ? ಬಾಗಿಲು ಎರಡೇ ಅಡಿ ಅಗಲ ಇದೆ. ಖರ್ಚು ಸಮೇತ ಹೇಳಿದರೆ ಉಪಕಾರ.

ಭೋಸರಿ ಕಾಕಾ:
ಪ್ಲೇಟ್. ಎರಡನೇ ಮಾತೇ ಇಲ್ಲ. ನಮ್ಮದು 4 ಮೀಟರ್ ಕಣಜ, ರಾಜಗುರುನಗರದ ಹತ್ತಿರ. 5 ಎಂಎಂ ದಪ್ಪದ ಎಂಎಸ್ (ಮೆದು ಉಕ್ಕಿನ) ಪ್ಲೇಟ್ ಹಾಕಿಸಿದ್ದೇನೆ. 1250ಕ್ಕೆ 2500 ಎಂಎಂ ಅಳತೆಯ ಶೀಟು ಐದು ಬೇಕಾದವು, 613 ಕೆಜಿ. ಕೆಜಿಗೆ 64ರಂತೆ 39,232. ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 46,294. ತಳಕ್ಕೆ ನಿಜವಾಗಿ ಹೋಗಿದ್ದು 493 ಕೆಜಿ, ಉಳಿದ 120 ಕೆಜಿ ಮೂಲೆ ತುಂಡು. ವರ್ಕ್‌ಶಾಪಿನವನು "ಇಲ್ಲೇ ಇರಲಿ ಬಿಡಿ ಕಾಕಾ" ಅಂದ. ಯಾಕ್ರೀ ಬಿಡಬೇಕು? ಗುಜರಿಗೆ ಹಾಕಿದರೂ ಕೆಜಿಗೆ 32 ಬರುತ್ತಿತ್ತು. ಅದನ್ನೂ ಟೆಂಪೋಗೆ ಹೇರಿಸಿಕೊಂಡೇ ಬಂದೆ. ಟೆಂಪೋ 2,800, ಹಮಾಲಿ 1,500.

ಬಾಗಿಲಲ್ಲಿ ತೂರಿಸಲು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಳಗೆ ಜೋಡಿಸಿದೆವು. ವೆಲ್ಡಿಂಗ್ ಹುಡುಗ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಲ ಎಳೆಯಲು ಹೊರಟಿದ್ದ. ಹಾಗೆ ಎಳೆದರೆ ಕಾವಿಗೆ ಪ್ಲೇಟ್ ಹಪ್ಪಳದ ಹಾಗೆ ಎದ್ದು ಕೂರುತ್ತೆ. ಅಷ್ಟಷ್ಟೇ ಟಾಕ ಹಾಕಿಸಿ, ಆರಿದ ಮೇಲೆ ನಡುವೆ ತುಂಬಿಸಿದೆ. ಇವತ್ತಿಗೂ ಮೇಲೆ ನಡೆದಾಡಿದರೆ ಎಲ್ಲೂ ಡಬ್ ಅನ್ನಲ್ಲ.

ದೌಂಡ್ ಗೌಡ್ತಿ:
ಕಾಕಾ, ಮೇಲೆ ನಡೆದಾಡಲು ತಳ ಹಾಕಿಸಿದಿರಾ, ಕಾಳು ಇಡಲು ಹಾಕಿಸಿದಿರಾ? ನಮ್ಮ ಮೈದುನ ಕೂಡ ಇದೇ ಪ್ಲೇಟ್ ಹಾಕಿಸಿದ್ದ. ದೀಪಾವಳಿಗೆ ಗೋವಿನಜೋಳ ತುಂಬಿದೆವು. ಚಳಿಗಾಲದಲ್ಲಿ ನಮ್ಮ ಕಡೆ ರಾತ್ರಿ ಹೇಗೆ ತಣ್ಣಗಾಗುತ್ತೆ, ಹಗಲು ಹೇಗೆ ಬಿಸಿಲು ಬೀಳುತ್ತೆ ಗೊತ್ತಲ್ವಾ. ರಾಶಿಯ ನಡುವೆ ಕಾವು ಉಳಿಯುತ್ತೆ, ಗೋಡೆ ತಳ ತಣ್ಣಗಾಗುತ್ತವೆ. ಪಸೆ ಅಲ್ಲಿಗೇ ಬಂದು ಕೂರುತ್ತೆ, ಪ್ಲೇಟ್‌ನಲ್ಲಿ ಇಂಗೋಕೆ ಜಾಗ ಇಲ್ಲ. ಶಿವರಾತ್ರಿ ಹೊತ್ತಿಗೆ ತಳದಲ್ಲಿ ನಾಲ್ಕು ಬೆರಳು ದಪ್ಪ ಹೆಪ್ಪು. ಕುಡುಗೋಲಿನಿಂದ ಕೆತ್ತಿ ತೆಗೆದೆವು. ಹಸಿರು ಬೂಷ್ಟು, ಮುಗ್ಗಲು ವಾಸನೆ. ಕೋಳಿ ಫಾರಂನವರು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿ ಗಾಡಿ ತಿರುಗಿಸಿದರು.

ಆ ಪ್ಲೇಟ್ ಕಿತ್ತು ತೂತಿನ ಜಿಐ (ಸತು ಲೇಪಿಸಿದ) ಶೀಟ್ ಹಾಕಿಸಿದ್ದು ನಾನೇ. ಕೆಳಗೆ ಒಂದಡಿ ಪೊಳ್ಳು, ಅದಕ್ಕೆ ಫ್ಯಾನ್. ಶೀಟಿಗೆ 21,600, ಅದನ್ನು ಹೊರುವ ಕಾಲು ಮತ್ತು ಚಾನೆಲ್‌ಗೆ 9,400, ಫ್ಯಾನ್ 18,500. ಕಾಲಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಗೋವಿನಜೋಳ ಒಂದು ಘನ ಮೀಟರ್‌ಗೆ 720 ಕೆಜಿ ಸುಮಾರು ತೂಗುತ್ತೆ. 3 ಮೀಟರ್ ತುಂಬಿದರೆ ಒಂದೊಂದು ಚದರ ಮೀಟರ್ ಮೇಲೆ ಎರಡು ಟನ್ ಮೇಲೇ ಬೀಳುತ್ತೆ.

ಭೋಸರಿ ಕಾಕಾ:
ನಿಮ್ಮ ಮೈದುನ ಹಸಿ ಕಾಳು ತುಂಬಿದ, ಬೈಗುಳ ಪ್ಲೇಟ್‌ಗೆ. ಪಸೆ 12 ಪರ್ಸೆಂಟ್‌ಗೆ ಇಳಿಯುವ ತನಕ ಒಣಗಿಸಿ ತುಂಬಿದರೆ ಯಾವ ತಳದಲ್ಲೂ ಅಷ್ಟು ಸುಲಭಕ್ಕೆ ಹೆಪ್ಪು ಕಟ್ಟಲ್ಲ.

ದೌಂಡ್ ಗೌಡ್ತಿ:
ಪಸೆ ಮೀಟರ್ ಹಿಡಿದು ಅಳೆದೇ ತುಂಬಿದ್ದು. ನಮ್ಮ ಮನೆಯವರ ಬಗ್ಗೆ ನೀವು ಅಲ್ಲಿ ಕೂತು ಹೇಳಬೇಡಿ.

ಕಳಂಬೊಳಿ ಅಣ್ಣ:
ಇಬ್ಬರೂ ದುಡ್ಡು ಸುರಿದಿದ್ದೀರಿ. ಮುಂಬೈಯಲ್ಲಿ ದಾರುಖಾನಾಕ್ಕೆ ಹೋಗಿ. ಹಡಗು ಒಡೆದ ಪ್ಲೇಟ್ ಸಿಗುತ್ತೆ. ನಾನು 8 ಎಂಎಂ ತಂದೆ, ಕೆಜಿಗೆ 44. ಹೊಸದಾಗಿ ಕಳಂಬೊಳಿಯ ಮಾರ್ಕೆಟ್‌ನಲ್ಲಿ ಕೇಳಿದ್ದಕ್ಕೆ 66 ಅಂದಿದ್ದರು. ಚದರ ಮೀಟರ್‌ಗೆ 63 ಕೆಜಿ ತೂಕ, ಆನೆ ನಿಂತರೂ ಬಗ್ಗಲ್ಲ. ಹೈಡ್ರಾ ಕ್ರೇನ್ ಬಾಡಿಗೆ 4,500 ಬಿತ್ತು, ಗ್ಯಾಸ್ ಕಟಿಂಗ್ 6,200. ಗ್ಯಾಸ್‌ನವನು ಅರ್ಧಕ್ಕೆ ಸಿಲಿಂಡರ್ ಮುಗಿಯಿತು ಅಂತ ಹೋದವನು ಹಬ್ಬ ಮುಗಿಸಿಕೊಂಡು ಬಂದ. ಅಲ್ಲಿತನಕ ನನ್ನ ಕಾಳು ತಾಡಪತ್ರೆ ಕೆಳಗೆ.

ಫೋಂಡಾ ಶೆಡ್:
ಅಣ್ಣಾ, ಹಡಗಿನ ಹಳೇ ಬಣ್ಣದಲ್ಲಿ ಸೀಸ ಇರುತ್ತೆ. ಕೆರೆದು ತೆಗೆಸಿದಿರಾ?

ಕಳಂಬೊಳಿ ಅಣ್ಣ:
ಅದು ಕೋಳಿ ತಿನ್ನೋ ಕಾಳು. ಮನುಷ್ಯರು ತಿನ್ನಲ್ಲ.

ಫೋಂಡಾ ಶೆಡ್:
ಕೋಳಿ ಯಾರು ತಿನ್ನೋದು?

ಕಳಂಬೊಳಿ ಅಣ್ಣ:
ನಿಮ್ಮ ಊರಿಗೆ ಕಳಿಸಲ್ಲ ಬಿಡಿ, ನಿಶ್ಚಿಂತೆಯಿಂದ ಇರಿ.

ಫೋಂಡಾ ಶೆಡ್:
ಇರಲಿ. ನನ್ನ ಗೋಳು ಕೇಳಿ. ಗೋವಾದಲ್ಲಿ ಜಿಐ ಬಾಳಲ್ಲ. ನಾಲ್ಕು ತಿಂಗಳು ಮಳೆ, ಉಳಿದ ದಿನ ಉಪ್ಪು ಗಾಳಿ. ನಮ್ಮ 10 ಅಡಿ ಕಣಜದ ಜಿಐ ತಳದಲ್ಲಿ ಮೊದಲು ಬಿಳಿ ಪುಡಿ ಎದ್ದಿತು, ಆಮೇಲೆ ಕೆಂಪು. ತೂತಿನ ಅಂಚಲ್ಲೇ ಶುರು, ಯಾಕಂದ್ರೆ ತೂತು ಹೊಡೆದ ಜಾಗದಲ್ಲಿ ಸತುವಿನ ಲೇಪ ಇರಲ್ಲ. ಬೇಸತ್ತು 304 ದರ್ಜೆಯ ಸ್ಟೇನ್‌ಲೆಸ್ ಹಾಕಿಸಿದೆ, ಒಂದೂವರೆ ಎಂಎಂ. ಮೂರು ಶೀಟು, 112.5 ಕೆಜಿ, ಕೆಜಿಗೆ 240, ತೆರಿಗೆ ಸೇರಿ 31,860. ತೂತು ಹೊಡೆಸಿದ್ದು ಬೇರೆ 11,000. ತಳ ಕನ್ನಡಿ ಹಾಗೆ ಇದೆ ಈಗಲೂ. ಆದರೆ ಅದು ತಾಗಿದ ಕಡೆಯೆಲ್ಲ ಗೋಡೆಯ ಜಿಐ ತಗಡು ಬೇಗ ತಿಂದುಹೋಯಿತು. ಸ್ಟೇನ್‌ಲೆಸ್ ಮತ್ತು ಸತು ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಸತುವೇ ಸಾಯೋದು. ಮಾರಿದವನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಕೇಳಿದರೆ "ರಬ್ಬರ್ ಪಟ್ಟಿ ಹಾಕಬೇಕಿತ್ತು ಸರ್" ಅಂತಾನೆ. ಪಟ್ಟಿಗೆ 900 ರೂಪಾಯಿ. ಗೋಡೆಯ ಕೆಳಗಿನ ಸುತ್ತು ಬದಲಿಸಲು 17,300.

ಹಡಪ್ಸರ್ ಹೊಲದವ:
ಎಲ್ಲರಿಗೂ ಧನ್ಯವಾದ. ನಮ್ಮದು 14 ಅಡಿ. ಸಜ್ಜೆಗೆ ಎಷ್ಟು ದಪ್ಪ ತೂತು ಇರಬೇಕು?

ದೌಂಡ್ ಗೌಡ್ತಿ:
ಅಂಗಡಿಯಲ್ಲಿ ಸಿಗೋ 2.4 ಎಂಎಂ ತೂತಲ್ಲಿ ಸಜ್ಜೆ ಉದುರುತ್ತೆ. ನಾವು ಜೋಳ, ಗೋವಿನಜೋಳ ಬಿಟ್ಟು ಬೇರೆ ತುಂಬಲ್ಲ. ಅದರಲ್ಲೂ ನುಚ್ಚು ಸಿಕ್ಕಿಕೊಂಡು ತೂತು ಮುಚ್ಚುತ್ತೆ, ಜರಡಿ ಹಿಡಿದೇ ತುಂಬಬೇಕು. ಪೊಳ್ಳಿನಲ್ಲಿ ಹೆಗ್ಗಣ ಸೇರಿಕೊಂಡಿದ್ದು ಇನ್ನೊಂದು ಕತೆ. ಫ್ಯಾನ್ ಬಾಯಿಗೆ ಜಾಲಿ ಬಡಿಸಿದ ಮೇಲೆ ನಿಂತಿತು.

ಸಾಂಗೋಲಾ ಮಾಮಾ:
ಪೊಳ್ಳಿಗೆ ನುಸಿ ಗುಳಿಗೆ ನಾಲ್ಕು ಎಸೆದು ಬಾಗಿಲು ಮುಚ್ಚಿ. ಹೆಗ್ಗಣ, ನುಸಿ ಎರಡೂ ಖಲಾಸ್.

ಫೋಂಡಾ ಶೆಡ್:
ಮಾಮಾ, ದಯವಿಟ್ಟು ಹೀಗೆಲ್ಲ ಹೇಳಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಪಸೆ ತಾಗಿದರೆ ಫಾಸ್ಫೀನ್ ಗಾಳಿ ಬಿಡುತ್ತೆ. ತೂತಿನ ತಳ, ಹಳೇ ತಗಡು, ಎಲ್ಲೆಲ್ಲಿ ಸೋರುತ್ತೋ ಯಾರಿಗೆ ಗೊತ್ತು. ಪಕ್ಕದಲ್ಲಿ ಆಳುಗಳು ಮಲಗಿರುತ್ತಾರೆ. ತರಬೇತಿ ಆದವರೇ ಹಾಕಬೇಕು. ಅಲ್ಲದೆ ಆ ಗಾಳಿ ತಾಮ್ರ ತಿನ್ನುತ್ತೆ, ಫ್ಯಾನ್ ಮೋಟರ್‌ನ ವೈರಿಂಗ್ ಕಪ್ಪಾಗಿ ಕೆಡುತ್ತೆ.

ಸಾಂಗೋಲಾ ಮಾಮಾ:
ನಮ್ಮಪ್ಪನ ಕಾಲದಿಂದ ಹಾಕುತ್ತಿದ್ದೇವೆ. ನಿಮಗೆ ಓದು ಜಾಸ್ತಿ ಆಗಿದೆ.

ಭೋಸರಿ ಕಾಕಾ:
ಗುಳಿಗೆ ವಿಷಯದಲ್ಲಿ ಫೋಂಡಾದವರು ಹೇಳಿದ್ದು ಸರಿ. ಇನ್ನೊಂದು. ಜಿಐ ಮೇಲೆ ವೆಲ್ಡಿಂಗ್ ಮಾಡಿಸುವವರು ಬಾಗಿಲು, ಮೇಲಿನ ಮುಚ್ಚಳ ಎರಡೂ ತೆಗೆಸಿ ಫ್ಯಾನ್ ಇಡಿ, ಧೂಳನ್ನೆಲ್ಲ ಮೊದಲೇ ಗುಡಿಸಿ. ಕಾಳಿನ ಧೂಳಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತೆ. ಸತುವಿನ ಹೊಗೆ ಕುಡಿದ ನಮ್ಮ ವೆಲ್ಡಿಂಗ್ ಹುಡುಗನಿಗೆ ರಾತ್ರಿ ಚಳಿಜ್ವರ ಬಂತು. ಹಾಲು ಕುಡಿಸಿದೆವು.

ಕಳಂಬೊಳಿ ಅಣ್ಣ:
ಹಾಲಲ್ಲ ಕಾಕಾ, ಬೆಲ್ಲ ಕೊಡಬೇಕು. ನಮ್ಮ ಯಾರ್ಡ್‌ನಲ್ಲಿ ಎಲ್ಲರೂ ಬೆಲ್ಲ ತಿಂದೇ ಕೆಲಸ ಶುರು ಮಾಡೋದು.

ದೌಂಡ್ ಗೌಡ್ತಿ:
ಹಾಲೂ ಅಲ್ಲ, ಬೆಲ್ಲವೂ ಅಲ್ಲ. ಹೊಗೆ ಹೋಗೋದು ಶ್ವಾಸಕ್ಕೆ, ಹೊಟ್ಟೆಗಲ್ಲ. ಮಾಸ್ಕ್ ಕೊಡ್ರೀ ಹುಡುಗರಿಗೆ. 46,000 ರೂಪಾಯಿ ಪ್ಲೇಟ್ ತರಲು ಆಗುತ್ತೆ, ಮಾಸ್ಕ್‌ಗೆ ಆಗಲ್ವಾ?

ಭೋಸರಿ ಕಾಕಾ:
46,294.

ಕಳಂಬೊಳಿ ಅಣ್ಣ:
ಅಕ್ಕಾ, ಬೆಲ್ಲ ಗಂಟಲಿನ ಧೂಳು ಇಳಿಸುತ್ತೆ ಅಂತಾರೆ. ಆದರೆ ಕೊಲ್ಹಾಪುರದ್ದೇ ಆಗಬೇಕು, ಬಿಳಿ ಮಾಡಲು ಕೆಮಿಕಲ್ ಹಾಕಿದ್ದಲ್ಲ.

ಸಾಂಗೋಲಾ ಮಾಮಾ:
ಕೊಲ್ಹಾಪುರದ್ದು ಯಾಕೆ? ಮಹಾಲಿಂಗಪುರದ ಬೆಲ್ಲ ತಿಂದು ನೋಡಿದ್ದೀರಾ ಎಂದಾದರೂ?