ವಿದೇಶದಲ್ಲಿ ಬೋರ್ಡ್ ಹಿಡಿದು ನಿಂತರೆ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಏನು ಸಿಗುತ್ತದೆ?

ಪ್ರಶ್ನೆ (ರಾಮನಗರದಿಂದ, ಕಾಲೇಜು ವಿದ್ಯಾರ್ಥಿ):

ನಮಸ್ತೆ ಮೇಡಂ. ನಮ್ಮಮ್ಮ ಹದಿನಾಲ್ಕು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾರೆ. ಟೈಲರ್, ಕಾಲರ್ ಕೂರಿಸುವ ಕೆಲಸ. ಹೊಲಿಯುವುದೆಲ್ಲ ಫಾರಿನ್ ಕಂಪನಿಗಳ ಬಟ್ಟೆ. ಪ್ರೊಡಕ್ಷನ್ ಬರದಿದ್ದರೆ ಸೂಪರ್‌ವೈಸರ್ ಎಲ್ಲರ ಎದುರೇ ಬೈಯುತ್ತಾನಂತೆ. ಬಾತ್‌ರೂಮಿಗೆ ಏಳಬೇಕಾಗುತ್ತದೆ ಅಂತ ಅಮ್ಮ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ. ಮೊನ್ನೆ ಒಂದು ವಿಡಿಯೋ ತೋರಿಸಿದೆ. ಯೂರೋಪಿನಲ್ಲಿ ಯಾರೋ ಬಟ್ಟೆ ಅಂಗಡಿ ಮುಂದೆ ಬೋರ್ಡ್ ಹಿಡಿದು ನಿಂತಿದ್ದರು, ಕಾರ್ಮಿಕರಿಗೆ ನ್ಯಾಯ ಕೊಡಿ ಅಂತ. ಅಮ್ಮ ನಕ್ಕುಬಿಟ್ಟರು. 'ಅವರು ಅಲ್ಲಿ ನಿಂತರೆ ನನ್ನ ಬ್ಯಾಚ್‌ನಲ್ಲಿ ಹೊಲಿಯಬೇಕಾದ ಪೀಸ್ ಕಮ್ಮಿ ಆಗುತ್ತಾ?' ಅಂದರು. ನೀವು ಕಾರ್ಮಿಕರ ಕೇಸ್ ನಡೆಸುವವರು. ಇದರಿಂದ ನಿಜವಾಗಿ ಏನಾದರೂ ಆಗಿದೆಯಾ?

ಉತ್ತರ (ವಕೀಲೆ, ಬೆಂಗಳೂರು):

ನಿಮ್ಮಮ್ಮ ಕೇಳಿದ್ದು ಸರಿಯಾಗೇ ಇದೆ. ಬರೀ ಬೋರ್ಡ್‌ನಿಂದ ಏನೂ ಆಗುವುದಿಲ್ಲ. ಒಂದು ಕೇಸ್ ಹೇಳುತ್ತೇನೆ, ಅದು ನಿಮ್ಮ ಮನೆಗೂ ಸಂಬಂಧಪಟ್ಟಿದ್ದೇ ಇರಬಹುದು.

ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನಕ್ಕೆ ಎರಡು ಭಾಗ. ಒಂದು ಮೂಲ ವೇತನ, ಇನ್ನೊಂದು ಡಿಎ, ಅಂದರೆ ತುಟ್ಟಿಭತ್ಯೆ. ಬೆಲೆ ಏರಿದ ಹಾಗೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಡಿಎ ಏರಬೇಕು. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 16 ರೂಪಾಯಿ, ಅಷ್ಟೇ. ಆಗ ಲಾಕ್‌ಡೌನ್. ಮಾಲೀಕರು ಕೇಳಿದರು, ಸರ್ಕಾರ ಮುಂದಕ್ಕೆ ಹಾಕಿತು. ಯೂನಿಯನ್‌ಗಳು ಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್, ಬಾಕಿ ಸಮೇತ ಕೊಡಿ ಎಂದಿತು.

ಕೋರ್ಟ್ ಹೇಳಿದ ಮೇಲೆ ಮುಗಿಯಬೇಕಲ್ವಾ? ಮುಗಿಯಲಿಲ್ಲ. ಹೆಚ್ಚಿನ ಫ್ಯಾಕ್ಟರಿಗಳು ಕೊಡಲಿಲ್ಲ. ವರ್ಷ ಕಳೆಯಿತು. ನಾಲ್ಕು ಲಕ್ಷಕ್ಕೂ ಜಾಸ್ತಿ ಜನರ ದುಡ್ಡು ಅದು. ನಮ್ಮ ವೃತ್ತಿಯ ಕಹಿ ಸತ್ಯ ಇದು: ಆದೇಶದ ಕಾಗದ ಕೈಯಲ್ಲಿರುತ್ತದೆ, ದುಡ್ಡು ಕೈಗೆ ಬರುವುದಿಲ್ಲ.

ಆಗ ಕೆಲಸ ಮಾಡಿದ್ದು ಹೊರಗಿನ ಒತ್ತಡ. ಇಲ್ಲಿನ ಯೂನಿಯನ್‌ಗಳು ಲೆಕ್ಕ ಕೊಟ್ಟವು. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಕಾರ್ಮಿಕ ಹಕ್ಕುಗಳ ಸಂಸ್ಥೆ ಅದನ್ನು ಹಿಡಿದುಕೊಂಡು ಒಂದೊಂದೇ ಬ್ರ್ಯಾಂಡನ್ನು ಕೇಳಿತು: ನಿಮ್ಮ ಬಟ್ಟೆ ಹೊಲಿಯುವ ಫ್ಯಾಕ್ಟರಿ ಕಾನೂನಿನ ಸಂಬಳ ಕೊಡುತ್ತಿಲ್ಲ, ಏನು ಮಾಡುತ್ತೀರಿ? 2021ರ ಕೊನೆಯಲ್ಲಿ ವಿದೇಶಿ ಪತ್ರಿಕೆಗಳಲ್ಲೂ ಬಂತು. ಆಮೇಲೆ ದೊಡ್ಡ ದೊಡ್ಡ ಫ್ಯಾಕ್ಟರಿಗಳು ಬಾಕಿ ಕೊಡಲು ಶುರು ಮಾಡಿದವು.

ಹೈಕೋರ್ಟಿಗೆ ಹೆದರದವರು ಬ್ರ್ಯಾಂಡಿಗೆ ಯಾಕೆ ಹೆದರಿದರು? ಆರ್ಡರ್ ಕೊಡುವುದು ಬ್ರ್ಯಾಂಡ್. ರೇಟು ಹೇಳುವುದು, ಮಾಲು ಯಾವತ್ತು ಹಡಗು ಹತ್ತಬೇಕು ಅಂತ ಹೇಳುವುದು ಅದೇ. ನಿಮ್ಮಮ್ಮನಿಗೆ ಬೈಯುವ ಸೂಪರ್‌ವೈಸರ್‌ಗೆ ಮೇಲಿನಿಂದ ಫ್ಲೋರ್ ಇನ್‌ಚಾರ್ಜ್ ಬೈದಿರುತ್ತಾನೆ. ಅವನಿಗೆ ಮ್ಯಾನೇಜರ್. ಮ್ಯಾನೇಜರ್‌ಗೆ ಶಿಪ್‌ಮೆಂಟ್ ತಾರೀಖು. ಬೋರ್ಡ್ ಹಿಡಿದವರು ಮುಟ್ಟುವುದು ಆ ತುದಿಯನ್ನು. ಆದರೆ ಈ ತುದಿಯಲ್ಲಿ ಪೇ ಸ್ಲಿಪ್ ಇಟ್ಟುಕೊಂಡು ಲೆಕ್ಕ ಕೊಟ್ಟ ಹೆಂಗಸರು ಇಲ್ಲದಿದ್ದರೆ ಅವರ ಬೋರ್ಡಿನ ಮೇಲೆ ಬರೆಯಲು ಏನೂ ಇರುತ್ತಿರಲಿಲ್ಲ.

ಪ್ರತಿಕ್ರಿಯೆ (ಪೀಣ್ಯ, ಹಿಂದೆ ಚೆಕಿಂಗ್‌ನಲ್ಲಿ ಇದ್ದವರು):

ಬ್ರ್ಯಾಂಡ್‌ನವರು ಅಷ್ಟು ಒಳ್ಳೆಯವರಾದರೆ ಆಡಿಟ್‌ಗೆ ಬಂದಾಗ ಯಾಕೆ ಏನೂ ಕಾಣುವುದಿಲ್ಲ ಮೇಡಂ? ಆಡಿಟ್ ದಿನ ಬಾತ್‌ರೂಮಿನಲ್ಲಿ ಸೋಪು ಇರುತ್ತದೆ, ಕುಡಿಯುವ ನೀರಿನ ಹತ್ತಿರ ಹೊಸ ಲೋಟ ಇರುತ್ತದೆ. ಏನು ಹೇಳಬೇಕು ಅಂತ ಹಿಂದಿನ ದಿನವೇ ಹೇಳಿಕೊಡುತ್ತಿದ್ದರು. ಆಡಿಟ್‌ನವರು ಹೋದ ಮೇಲೆ ಸೋಪೂ ಹೋಯಿತು.

ಉತ್ತರ:

ಒಳ್ಳೆಯವರು ಅಂತ ನಾನು ಎಲ್ಲಿ ಹೇಳಿದೆ ಅಕ್ಕ! ಅವರಿಗೆ ಹೆಸರು ಕೆಡುವ ಭಯ ಇದೆ ಅಂದೆ, ಅಷ್ಟೇ.

ನೀವು ಹೇಳಿದ ಸೋಪಿನ ಕಥೆ ಎಲ್ಲ ದೇಶದಲ್ಲೂ ಇದೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಫ್ಯಾಕ್ಟರಿಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮೊದಲು ಆ ಫ್ಯಾಕ್ಟರಿಗೆ ಎಲ್ಲ ಸರಿಯಿದೆ ಅಂತ ಸರ್ಟಿಫಿಕೇಟ್ ಸಿಕ್ಕಿತ್ತು. ಮುಂದಿನ ವರ್ಷ ಬಾಂಗ್ಲಾದೇಶದ ಢಾಕಾ ಪಕ್ಕದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ. 2013ರ ಏಪ್ರಿಲ್ 23ಕ್ಕೆ ಕಟ್ಟಡದಲ್ಲಿ ಬಿರುಕು ಕಂಡಿತು. ಕೆಳಗಿನ ಅಂಗಡಿ, ಬ್ಯಾಂಕ್ ಮುಚ್ಚಿದವು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಮರುದಿನ ಬೆಳಿಗ್ಗೆ ಒಳಗೆ ಕಳಿಸಿದರು. ಕಟ್ಟಡ ಕುಸಿದು 1,134 ಜನ ಸತ್ತರು. ಬಹಳ ಮಂದಿ ಹೆಣ್ಣುಮಕ್ಕಳು. ಬ್ಯಾಂಕಿನವರಿಗೆ ಇದ್ದ 'ಇವತ್ತು ಒಳಗೆ ಹೋಗಲ್ಲ' ಅನ್ನುವ ಅವಕಾಶ ಆ ಹೆಂಗಸರಿಗೆ ಇರಲಿಲ್ಲ. ನನಗೆ ಇಡೀ ಗಾರ್ಮೆಂಟ್ಸ್ ವ್ಯವಹಾರ ಅರ್ಥವಾಗುವುದು ಆ ಒಂದು ಬೆಳಿಗ್ಗೆಯಲ್ಲಿ.

ಅದಾದ ಮೇಲೆ ಹೋರಾಟದ ದಾರಿ ಬದಲಾಯಿತು. 'ದಯವಿಟ್ಟು ಚೆನ್ನಾಗಿ ನೋಡಿಕೊಳ್ಳಿ' ಅಂತ ಕೇಳುವುದು ಬಿಟ್ಟು, 'ಸಹಿ ಹಾಕಿ' ಎಂದರು. ಬಾಂಗ್ಲಾದೇಶದ ಅಕಾರ್ಡ್ ಎಂಬ ಒಪ್ಪಂದ ಬಂದದ್ದು ಹಾಗೆ. ಒಂದು ಕಡೆ ಬ್ರ್ಯಾಂಡ್‌ಗಳು, ಇನ್ನೊಂದು ಕಡೆ ಯೂನಿಯನ್‌ಗಳು. ತಪ್ಪಿದರೆ ಬ್ರ್ಯಾಂಡನ್ನು ಕಾನೂನಿನಡಿ ಹಿಡಿಯಬಹುದು. ತಪಾಸಣೆ ಮಾಡಿದ ವರದಿ ಬಚ್ಚಿಡುವ ಹಾಗಿಲ್ಲ. 200ಕ್ಕೂ ಹೆಚ್ಚು ಕಂಪನಿಗಳು ಸೇರಿದವು. ಆಮೇಲೆ ಪಾಕಿಸ್ತಾನಕ್ಕೂ ಬಂತು. ಇದು ಬೆಂಕಿ, ಕಟ್ಟಡದ ವಿಷಯಕ್ಕೆ. ಬೈಗುಳ, ಕಿರುಕುಳದ ವಿಷಯಕ್ಕೆ ನಮ್ಮ ಪಕ್ಕದಲ್ಲೇ, ತಮಿಳುನಾಡಿನ ದಿಂಡಿಗಲ್‌ನಲ್ಲಿ, ಒಂದು ಒಪ್ಪಂದ ಆಗಿದೆ.

ಪ್ರತಿಕ್ರಿಯೆ (ಮೂಲ ಪ್ರಶ್ನೆ ಕೇಳಿದವರು):

ಅದನ್ನು ಸ್ವಲ್ಪ ಬಿಡಿಸಿ ಹೇಳಿ ಮೇಡಂ. ನಮಗೆ ಬೇಕಾಗಿರುವುದು ಅದೇ.

ಉತ್ತರ:

2021ರ ಜನವರಿಯಲ್ಲಿ ಅಲ್ಲಿಯ ಒಂದು ಫ್ಯಾಕ್ಟರಿಯ ಇಪ್ಪತ್ತು ವರ್ಷದ ದಲಿತ ಹುಡುಗಿ ಕೊಲೆಯಾದಳು. ಅವಳಿಗೆ ಕಿರುಕುಳ ಕೊಡುತ್ತಿದ್ದ ಸೂಪರ್‌ವೈಸರನೇ ಆರೋಪಿ. ದಲಿತ ಹೆಣ್ಣುಮಕ್ಕಳೇ ಮುಂದೆ ನಿಂತು ನಡೆಸುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಬೀದಿಗೆ ಬಂತು. ಏಷ್ಯಾದ ಗಾರ್ಮೆಂಟ್ಸ್ ಯೂನಿಯನ್‌ಗಳ ಒಕ್ಕೂಟವಾದ ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮತ್ತು ಅಮೆರಿಕದ ಒಂದು ಕಾರ್ಮಿಕ ಸಂಸ್ಥೆ ಜೊತೆಗೆ ನಿಂತವು. 2022ರ ಏಪ್ರಿಲ್‌ನಲ್ಲಿ ಫ್ಯಾಕ್ಟರಿ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು, ಬಟ್ಟೆ ಬ್ರ್ಯಾಂಡ್ ಎಚ್ ಅಂಡ್ ಎಂ ಕೂಡ ಹಾಕಿತು. ಗ್ಯಾಪ್, ಪಿವಿಎಚ್ ಬ್ರ್ಯಾಂಡ್‌ಗಳು ಆಮೇಲೆ ಸೇರಿದವು.

ನನಗೆ ಇಷ್ಟವಾಗಿದ್ದು ಅದರ ಒಳಗಿನ ಏರ್ಪಾಡು. ಲೈನ್‌ನಲ್ಲಿ ಕೂತು ಹೊಲಿಯುವ ಹೆಂಗಸರಿಗೇ ತರಬೇತಿ ಕೊಟ್ಟು ಕಿರುಕುಳದ ಮೇಲೆ ಕಣ್ಣಿಡುವ ಕೆಲಸ ಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ಬರುವ ಆಡಿಟರ್ ಅಲ್ಲ, ಪಕ್ಕದ ಮಷೀನಿನವಳು. ಫ್ಯಾಕ್ಟರಿ ಮಾತು ತಪ್ಪಿದರೆ ಬ್ರ್ಯಾಂಡ್ ವ್ಯಾಪಾರದಲ್ಲೇ ಬಿಸಿ ಮುಟ್ಟಿಸಬೇಕು.

ಈಗ ನಿಮ್ಮಮ್ಮನ ವಿಷಯ. ಬೈಗುಳದಲ್ಲಿ ಲೈಂಗಿಕ ಮಾತು, ಮುಟ್ಟುವುದು, ಸನ್ನೆ ಇದ್ದರೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾನೂನಿದೆ. ಹತ್ತು ಜನ ಕೆಲಸ ಮಾಡುವ ಜಾಗದಲ್ಲೂ ದೂರು ಸಮಿತಿ ಇರಲೇಬೇಕು. ಮುಖ್ಯಸ್ಥೆ ಹೆಂಗಸೇ ಆಗಿರಬೇಕು, ಹೊರಗಿನ ಸದಸ್ಯರು ಒಬ್ಬರು ಇರಬೇಕು. ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬರೆಯಲು ಬರದಿದ್ದರೆ ಬರೆದುಕೊಡುವುದು ಸಮಿತಿಯ ಕೆಲಸ. ಬರೀ ಪ್ರೊಡಕ್ಷನ್ ಬೈಗುಳವಾದರೆ ಈ ಕಾನೂನು ಬರುವುದಿಲ್ಲ. ಆಗ ಯೂನಿಯನ್ನೇ ದಾರಿ. ಬೆಂಗಳೂರು ಸುತ್ತ ಗಾಟ್ವು ಎಂಬ ಗಾರ್ಮೆಂಟ್ಸ್ ಯೂನಿಯನ್ ಇದೆ, ಹೆಂಗಸರೇ ನಡೆಸುವ ಗಾರ್ಮೆಂಟ್ ಲೇಬರ್ ಯೂನಿಯನ್ ಇದೆ. ಅಮ್ಮ ಒಬ್ಬರೇ ಹೋಗಿ ಎಚ್‌ಆರ್ ಮುಂದೆ ನಿಲ್ಲುವುದು ಬೇಡ. ಒಬ್ಬರಾದರೆ ರಿಸೈನ್ ಲೆಟರ್ ಮುಂದೆ ಇಡುತ್ತಾರೆ. ಹತ್ತು ಜನರಾದರೆ ಕುರ್ಚಿ ಹಾಕುತ್ತಾರೆ.

ಪ್ರತಿಕ್ರಿಯೆ (ಬೊಮ್ಮನಹಳ್ಳಿ):

2016ರ ಪಿಎಫ್ ಗಲಾಟೆ ಮರೆತಿರಾ ಮೇಡಂ? ಆಗ ಯಾವ ಫಾರಿನ್‌ನವರೂ ಬಂದಿರಲಿಲ್ಲ.

ಉತ್ತರ:

ಮರೆಯುವುದುಂಟಾ! ಮಾಲೀಕರ ಪಾಲಿನ ಪಿಎಫ್ 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ನಿಯಮ ತಂದಿತ್ತು. ಮಗಳ ಮದುವೆಗೆ, ಮನೆ ಸಾಲಕ್ಕೆ ಅಂತ ನಂಬಿಕೊಂಡಿದ್ದ ದುಡ್ಡು. ಏಪ್ರಿಲ್ 18, 19ಕ್ಕೆ ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ತುಂಬಿಹೋಯಿತು. ಎರಡನೇ ದಿನವೇ ನಿಯಮ ವಾಪಸ್. ಅಲ್ಲಿ ಎದುರಿಗಿದ್ದದ್ದು ಸರ್ಕಾರ, ಹಾಗಾಗಿ ರಸ್ತೆ ಸಾಕಾಯಿತು. ಎದುರಿಗೆ ಬೇರೆ ದೇಶದ ಬ್ರ್ಯಾಂಡ್ ಇದ್ದರೆ ರಸ್ತೆಯ ಜೊತೆ ಆ ದೇಶದ ಜನರೂ ಬೇಕು. 2020ರಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಫ್ಯಾಕ್ಟರಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಸುಮಾರು 1,200 ಜನ, ಹೆಚ್ಚಿನವರು ಹೆಂಗಸರು. ವಾರಗಟ್ಟಲೆ ಗೇಟಿನ ಮುಂದೆ ಕೂತರು. ಒಳಗೆ ಹೊಲಿಯುತ್ತಿದ್ದದ್ದು ಎಚ್ ಅಂಡ್ ಎಂ ಬಟ್ಟೆ, ಆದ್ದರಿಂದ ಸುದ್ದಿ ಆ ಬ್ರ್ಯಾಂಡಿನವರಿಗೂ ಮುಟ್ಟಿತು. ಮುಂದಿನ ಫೆಬ್ರವರಿಯಲ್ಲಿ ಯೂನಿಯನ್ ಜೊತೆ ಒಪ್ಪಂದವಾಯಿತು. ಆದರೆ ಅಷ್ಟರಲ್ಲಿ ಎಷ್ಟೋ ಜನ ಲೆಕ್ಕ ತೆಗೆದುಕೊಂಡು ಹೋಗಿಬಿಟ್ಟಿದ್ದರು. ಅದನ್ನು ಪೂರ್ತಿ ಗೆಲುವು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪ್ರತಿಕ್ರಿಯೆ (ಜರ್ಮನಿಯಲ್ಲಿರುವ ಕನ್ನಡತಿ):

ನಾನು ಇಲ್ಲಿ ಇಂಥ ಬ್ರ್ಯಾಂಡ್ ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಅಷ್ಟು ಸಾಕಾ?

ಉತ್ತರ:

ಸುಮ್ನೆ ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆರ್ಡರ್ ಕಡಿಮೆಯಾದರೆ ಮೊದಲು ಹೋಗುವುದು ಹೆಲ್ಪರ್ ಹೆಂಗಸಿನ ಕೆಲಸ. ಕಾರ್ಮಿಕರೇ ಕೊಳ್ಳಬೇಡಿ ಅಂದಾಗ ಮಾತ್ರ ನಿಲ್ಲಿಸಿ. ಅದಕ್ಕಿಂತ ಆ ಬ್ರ್ಯಾಂಡಿನ ಫ್ಯಾಕ್ಟರಿ ಪಟ್ಟಿ ನೋಡಿ, ಬಹಳ ಕಂಪನಿಗಳು ಈಗ ಹೊರಗೆ ಹಾಕುತ್ತವೆ. ಬೆಂಗಳೂರು, ರಾಮನಗರ, ಮಂಡ್ಯದ ಹೆಸರು ಸಿಗಬಹುದು. ಜಗಳ ಎದ್ದಾಗ ಆ ಫ್ಯಾಕ್ಟರಿ ಹೆಸರು ಹಿಡಿದೇ ಪ್ರಶ್ನೆ ಕಳಿಸಿ. 1989ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ, ಗಾರ್ಮೆಂಟ್ಸ್ ಕಾರ್ಮಿಕರ ಪರ ಹೋರಾಡುವ ಕ್ಲೀನ್ ಕ್ಲೋತ್ಸ್ ಕ್ಯಾಂಪೇನ್‌ನ ಗುಂಪು ಜರ್ಮನಿಯಲ್ಲೂ ಇದೆ. ಅವರಿಗೆ ಕನ್ನಡ ಬರುವವರು ಸಿಕ್ಕರೆ ಬಿಡುತ್ತಾರೆಯೇ!

ಪ್ರತಿಕ್ರಿಯೆ (ಮೂಲ ಪ್ರಶ್ನೆ ಕೇಳಿದವರು):

ಮೇಡಂ, ರಾತ್ರಿ ಅಮ್ಮನ ಹಳೆ ಸ್ಲಿಪ್ ಹುಡುಕಿದೆ. ಟ್ರಂಕಿನಲ್ಲಿ ಸೀರೆ ಕೆಳಗೆ ಇತ್ತು. 2022ರ ಒಂದು ಸ್ಲಿಪ್‌ನಲ್ಲಿ 'ಅರಿಯರ್ಸ್' ಅಂತ ಬೇರೆ ಸಾಲಿದೆ. ಅಮ್ಮ, 'ಅದಾ? ಕಂಪನಿಯವರು ಖುಷಿಗೆ ಕೊಟ್ಟಿದ್ದು, ಅದರಲ್ಲೇ ನಿನ್ನ ಫೀಸು ಕಟ್ಟಿದ್ದು' ಅನ್ನುತ್ತಿದ್ದಾರೆ.

ಉತ್ತರ:

ಖುಷಿಗೆ ಅಲ್ಲಪ್ಪ, ಅದೇ 417ರ ಬಾಕಿ ಇರಬೇಕು! 2020ರ ಏಪ್ರಿಲ್‌ನಿಂದ ಎಷ್ಟು ತಿಂಗಳು ಕೆಲಸ ಮಾಡಿದ್ದಾರೆ ಎಣಿಸಿ. ಎರಡನೇ ವರ್ಷದ ಏರಿಕೆಯೂ ಸೇರಿದೆಯಾ ನೋಡಿ. ಕಡಿಮೆ ಬಂದಿದ್ದರೆ ಸ್ಲಿಪ್‌ಗಳ ಫೋಟೋ ತೆಗೆದು ಇಟ್ಟುಕೊಳ್ಳಿ, ಅಮ್ಮನ ಬ್ಯಾಚ್‌ನವರದ್ದೂ ಸಿಕ್ಕಷ್ಟು ಸೇರಿಸಿ. ಭಾನುವಾರ ಯೂನಿಯನ್ ಆಫೀಸಿಗೆ ಅಮ್ಮನನ್ನೂ ಕರೆದುಕೊಂಡು ಬನ್ನಿ, ಲೆಕ್ಕ ಒಟ್ಟಿಗೆ ಕೂತು ನೋಡೋಣ.